ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು

ಜಂಗಮನ ಜೋಳಿಗೆಯು ಒಬ್ಬನ ಉದರಪೋಷಣೆಗಾಗಿ ಇರುವುದಲ್ಲ. ಸಮಾಜದಿಂದ ಪಡೆದುದನ್ನು ಸಮಾಜಕ್ಕೇ ಮರಳಿಸುವ ಸಾಧನವದು. ಈ ತತ್ತ್ವವನ್ನು ಬಾಳಿ ತೋರಿದ ಮಹನೀಯರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಶಿವಯೋಗಿಗಳು.

ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಬಸವಯ್ಯ, ನೀಲಮ್ಮ ದಂಪತಿಗಳ ಉದರದಲ್ಲಿ 1867ರಲ್ಲಿ ಅವರು ಜನಿಸಿದರು. ಬಾಲ್ಯದ ಹೆಸರು ಹಾಲಯ್ಯ. ಮನೆಯ ಬಡತನದಿಂದಾಗಿ ಭಿಕ್ಷಾನ್ನವನ್ನುಂಡು ವಿದ್ಯೆ ಕಲಿಯಬೇಕಾಯಿತು. ಮುಲ್ಕಿ ಪರೀಕ್ಷೆ ಕೈಗೂಡಲಿಲ್ಲ. ಕೆಲಕಾಲ ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದರಾದರೂ ಮನಸ್ಸು ವೈರಾಗ್ಯದ ಕಡೆಗೇ ಹರಿಯಿತು. ಎಳಂದೂರಿನ ಶ್ರೀ ಬಸವಲಿಂಗ ಸ್ವಾಮಿಗಳನ್ನು ಗುರುಗಳನ್ನಾಗಿ ಪಡೆದು, ಶಂಭುಲಿಂಗನ ಬೆಟ್ಟದ ಏಕಾಂತದಲ್ಲಿ ಶಿವಯೋಗವನ್ನು ಸಾಧಿಸಿದರು.

ಹಾನಗಲ್ಲ ಮಠದ ಅಧಿಕಾರ ಪ್ರಾಪ್ತವಾದ ಮೇಲೂ ಅವರು ಪೀಠಸುಖಕ್ಕೆ ಮನಸೋಲಲಿಲ್ಲ. ಮಠಗಳು ಅನೇಕವಿದ್ದರೂ ಅವುಗಳನ್ನು ಬೆಳಗುವ ವಿದ್ಯಾವಂತ, ಆಚಾರವಂತ ಜಂಗಮರ ಕೊರತೆ ಅವರನ್ನು ಬಾಧಿಸುತ್ತಿತ್ತು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯನ್ನು ಸ್ಥಾಪಿಸಿ ಸಮಾಜವನ್ನು ಒಗ್ಗೂಡಿಸಿದರು. ಬಳಿಕ ಇಳಕಲ್ಲಿನ ಶ್ರೀ ವಿಜಯಮಹಾಂತ ಶಿವಯೋಗಿಗಳ ಮಾರ್ಗದರ್ಶನದಲ್ಲಿ ಬಾದಾಮಿಯ ಸಮೀಪ, ಮಲಪ್ರಭೆಯ ದಂಡೆಯ ಪ್ರಶಾಂತ ವನಸ್ಥಳದಲ್ಲಿ 1909ರಲ್ಲಿ ಶಿವಯೋಗಮಂದಿರವನ್ನು ನೆಲೆಗೊಳಿಸಿದರು.

ಊರ ಗದ್ದಲದಿಂದ ದೂರವಾದ ಆ ತಾಣದಲ್ಲಿ ಬಡಮನೆಯ ವಟುಗಳಿಗೂ ಅನ್ನ, ವಸತಿ, ವಿದ್ಯೆಗಳು ಧರ್ಮಾರ್ಥವಾಗಿ ದೊರೆತವು. ಶಿವಪೂಜೆ, ಯೋಗ, ಸಂಸ್ಕೃತ, ವಚನಶಾಸ್ತ್ರಗಳ ಅಭ್ಯಾಸ ನಡೆಯಿತು. ಗೋಶಾಲೆಯೂ, ಆ ಗೋಮಯದಿಂದ ವಿಭೂತಿಯನ್ನು ಸಿದ್ಧಪಡಿಸುವ ಕಾಯಕವೂ, ತಾಳೆಗರಿಗಳ ಗ್ರಂಥಭಾಂಡಾರವೂ ಅಲ್ಲಿ ಬೆಳೆದವು. ಇದೆಲ್ಲದರ ವೆಚ್ಚಕ್ಕಾಗಿ ಶ್ರೀಗಳು ಊರೂರು ಸಂಚರಿಸಿ ಜೋಳಿಗೆ ಹಿಡಿದರು. ಬಾಲ್ಯದಲ್ಲಿ ತಾವುಂಡ ಭಿಕ್ಷೆಯ ಋಣವನ್ನು ಹೀಗೆ ನೂರ್ಮಡಿಯಾಗಿ ತೀರಿಸಿದರು.

ಅವರ ಕರುಣೆ ವಟುಗಳಿಗಷ್ಟೇ ಸೀಮಿತವಾಗಿರಲಿಲ್ಲ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನ ಕಂಠಮಾಧುರ್ಯವನ್ನು ಗುರುತಿಸಿ ಸಂಗೀತ ಶಿಕ್ಷಣ ಕೊಡಿಸಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳೆಂದು ಪ್ರಖ್ಯಾತನಾದನು. ಅವರ ಪರಂಪರೆಯ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಇಂದಿಗೂ ಅಂಧ, ಅನಾಥ ಮಕ್ಕಳ ಆಶ್ರಯವಾಗಿದೆ.

1930ರಲ್ಲಿ ಶ್ರೀಗಳು ಲಿಂಗೈಕ್ಯರಾದರು. ಅವರ ಗದ್ದುಗೆಯು ಶಿವಯೋಗಮಂದಿರದಲ್ಲಿಯೇ ಇದೆ. ಅರಸರ ಭಂಡಾರದಿಂದಲ್ಲ, ಗೃಹಸ್ಥರು ಭಕ್ತಿಯಿಂದ ನೀಡಿದ ಹಿಡಿಕಾಳಿನಿಂದ ಆ ಆಶ್ರಯ ಬೆಳೆಯಿತು. ತಮ್ಮ ಮನೆಯ ಬಾಗಿಲಿಗೆ ಬಂದ ಜೋಳಿಗೆಯಲ್ಲಿ ಎಷ್ಟು ಮಕ್ಕಳ ಬಾಳು ಅಡಗಿದೆಯೆಂಬುದನ್ನು ಸದ್ಭಕ್ತರು ಸದಾ ನೆನೆಯಬೇಕು.