ನೀರಿಗೆ ಲಾಜಿಕ್ ಕಲಿಸಿದ ಎಂಜಿನಿಯರ್

ಡ್ವಾರ್ಫ್ ಫೋರ್ಟ್ರೆಸ್ ಎಂಬ ಕಂಪ್ಯೂಟರ್ ಆಟದಲ್ಲಿ ಹರಿಯುವ ನೀರು ಮತ್ತು ತೂಬಿನ ಬಾಗಿಲುಗಳಿಂದಲೇ ಅಂಡ್, ಆರ್, ನಾಟ್ ಗೇಟ್ ಕಟ್ಟುವವರಿದ್ದಾರೆ. ನೀರು ಇಂತಿಷ್ಟು ಏರಿದರೆ ಒಂದು, ಇಳಿದರೆ ಸೊನ್ನೆ. ಇಂಥದ್ದೇ ವಿಚಾರವನ್ನು ನಿಜವಾದ ಅಣೆಕಟ್ಟೆಯ ಮೇಲೆ 1903ರಲ್ಲೇ ಮಾಡಿ ತೋರಿಸಿದವರು ಸರ್ ಎಂ. ವಿಶ್ವೇಶ್ವರಯ್ಯ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯ ಈ ಹುಡುಗ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ. ಮನೆಪಾಠ ಹೇಳುತ್ತಲೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ನಮ್ಮ ರಾಣೆಬೆನ್ನೂರು ಸೀಮೆಯೂ ಆಗ ಇದ್ದದ್ದು ಅದೇ ಪ್ರಾಂತ್ಯದಲ್ಲಿ.

ಪುಣೆಯ ಹತ್ತಿರದ ಖಡಕ್ವಾಸ್ಲಾ ಜಲಾಶಯ ತುಂಬಿದಾಗ ಹೆಚ್ಚಿನ ನೀರು ಕೋಡಿ ಬಿದ್ದು ಹೋಗುತ್ತಿತ್ತು. ಸುಮ್ಮನೆ ಕೋಡಿ ಎತ್ತರಿಸಿದರೆ ಪ್ರವಾಹ ಬಂದಾಗ ಕಟ್ಟೆಗೇ ಅಪಾಯ. ವಿಶ್ವೇಶ್ವರಯ್ಯ ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ನೀರು ಗೊತ್ತುಪಡಿಸಿದ ಮಟ್ಟ ದಾಟಿದರೆ ಬಾಗಿಲು ತಾನೇ ತೆರೆಯುತ್ತಿತ್ತು, ಇಳಿದರೆ ತಾನೇ ಮುಚ್ಚುತ್ತಿತ್ತು. ಮೋಟಾರೂ ಬೇಡ, ಕಾವಲುಗಾರನ ಕೈಯೂ ಬೇಡ. ಸಂಗ್ರಹದ ಮಟ್ಟ ಸುಮಾರು 8 ಅಡಿ ಏರಿತು. ಈ ವಿನ್ಯಾಸಕ್ಕೆ ಪೇಟೆಂಟ್ ಕೂಡ ಸಿಕ್ಕಿತು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಅಲ್ಲಿಯೂ ಸ್ವಯಂಚಾಲಿತ ಬಾಗಿಲುಗಳು ಬಂದವು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಬಂತು.

1961ರ ಜುಲೈ 12ರಂದು ಖಡಕ್ವಾಸ್ಲಾದ ಮೇಲ್ಭಾಗದಲ್ಲಿದ್ದ ಪಾನಶೇತ್ ಅಣೆಕಟ್ಟೆ ಒಡೆಯಿತು. ನುಗ್ಗಿ ಬಂದ ನೀರಿಗೆ ಖಡಕ್ವಾಸ್ಲಾವೂ ಒಡೆದು ಪುಣೆ ಮುಳುಗಿತು. ಬಾಗಿಲುಗಳು ಮಳೆಗಾಲದ ಪ್ರವಾಹಕ್ಕೆಂದು ಮಾಡಿದವು, ಒಂದು ಅಣೆಕಟ್ಟೆಯೇ ಕೊಚ್ಚಿ ಬರುವುದಕ್ಕಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯ ತೀರಿಕೊಂಡರು.

ಗೆಳೆಯರೇ, ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನದ ಭಾಷಣಗಳಲ್ಲಿ ಅವರ ಶಿಸ್ತನ್ನಷ್ಟೇ ಕೇಳುತ್ತೇವೆ. ಖಡಕ್ವಾಸ್ಲಾದ ಕಥೆಯನ್ನೂ ಕೊನೆಯವರೆಗೆ ಓದಬೇಕು. ಐವತ್ತೆಂಟು ವರ್ಷಗಳ ಹಿಂದೆ ಹಾಕಿದ ಲೆಕ್ಕ ತಪ್ಪಿರಲಿಲ್ಲ, ಆದರೆ ಅಷ್ಟರಲ್ಲಿ ಮೇಲೊಂದು ಹೊಸ ಕಟ್ಟೆ ಎದ್ದಿತ್ತು. ನಾಳೆ ನಾವು ಸರ್ಕ್ಯೂಟ್ ಕಟ್ಟಲಿ, ಕೋಡ್ ಬರೆಯಲಿ, ಸುತ್ತಲಿನ ಪರಿಸ್ಥಿತಿ ಬದಲಾದಾಗಲೆಲ್ಲ ಹಳೆಯ ಲೆಕ್ಕವನ್ನು ಮತ್ತೆ ತೆಗೆದು ನೋಡುವ ಅಭ್ಯಾಸ ಇರಲಿ. ಕೆಳಗೆ ಊರಿರುತ್ತದೆ.

– ಬಿ.ಇ. ವಿದ್ಯಾರ್ಥಿ, ಕುಪ್ಪೇಲೂರು