ಜೆಸ್ಸಿ ಬಾಂಡ್ (1853–1942): ಹಾಸ್ಯ ಗೀತನಾಟಕದ ಗಾಯಕಿ ಹಾಗೂ ಅಭಿನೇತ್ರಿ

ಇಂಗ್ಲೆಂಡಿನಲ್ಲಿ ಕಾಮಿಕ್ ಅಪೇರಾ ಎಂದು ಕರೆಯಲ್ಪಡುವ ಹಾಸ್ಯ ಗೀತನಾಟಕಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಪಾರ ಜನಪ್ರಿಯತೆ ಗಳಿಸಿದ್ದವು. ಕವಿ ಗಿಲ್ಬರ್ಟ್, ಸಂಗೀತ ಸಂಯೋಜಕ ಸಲಿವನ್ ಮತ್ತು ವ್ಯವಸ್ಥಾಪಕ ರಿಚರ್ಡ್ ಡಾಯ್ಲಿ ಕಾರ್ಟ್ ಇವರ ಕೂಡುಪ್ರಯತ್ನದ ಫಲವಾದ ಈ ನಾಟಕಗಳಲ್ಲಿ ಹದಿಮೂರು ವರ್ಷ ಪ್ರಮುಖ ಪಾತ್ರಗಳನ್ನು ನಿರ್ವಹಿಸಿದ ಜೆಸ್ಸಿ ಬಾಂಡ್ ಅವರ ಸಂಕ್ಷಿಪ್ತ ಜೀವನ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜೆಸ್ಸಿ ಬಾಂಡ್ ಅವರು ದಿನಾಂಕ 10-01-1853ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಪಿಯಾನೋ ತಯಾರಕರು. ಬಾಲ್ಯವನ್ನು ಲಿವರ್‌ಪೂಲ್ ನಗರದಲ್ಲಿ ಕಳೆದ ಇವರು ಮೊದಲು ಪಿಯಾನೋ ವಾದನವನ್ನೂ ನಂತರ ಗಾಯನವನ್ನೂ ಅಭ್ಯಾಸ ಮಾಡಿದರು. 1870ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಸಂಗೀತಗಾರರೊಬ್ಬರೊಂದಿಗೆ ನಡೆದ ಇವರ ವಿವಾಹವು ಸುಖಕರವಾಗಿರಲಿಲ್ಲ. ಹುಟ್ಟಿದ ಗಂಡುಮಗು ಕೆಲವೇ ವಾರಗಳಲ್ಲಿ ತೀರಿಕೊಂಡಿತು. ಪತಿಯ ಹಿಂಸೆಯನ್ನು ತಾಳಲಾರದೆ ಮನೆ ಬಿಟ್ಟುಬಂದ ಇವರು 1874ರಲ್ಲಿ ವಿಚ್ಛೇದನ ಪಡೆದರು. 1857ರ ಕಾಯಿದೆಯ ಪ್ರಕಾರ ಪತಿಯಾದವನು ಪತ್ನಿಯ ವ್ಯಭಿಚಾರವೊಂದನ್ನು ರುಜುವಾತುಪಡಿಸಿದರೆ ಸಾಕಾಗುತ್ತಿತ್ತು. ಪತ್ನಿಯಾದವಳು ಅದರ ಜೊತೆಗೆ ಕ್ರೌರ್ಯ ಅಥವಾ ಪರಿತ್ಯಾಗದಂತಹ ಮತ್ತೊಂದು ಅಪರಾಧವನ್ನೂ ಸಾಬೀತುಪಡಿಸಬೇಕಿತ್ತು. ಇಂತಹ ಕಾಲದಲ್ಲಿ ಇಪ್ಪತ್ತೊಂದರ ಯುವತಿಯೊಬ್ಬರು ವಿಚ್ಛೇದನ ಪಡೆದುದು ಸಾಮಾನ್ಯ ಸಂಗತಿಯಲ್ಲ.

ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಸಂಸ್ಥೆಯಲ್ಲಿ ಮಾನ್ಯುವೆಲ್ ಗಾರ್ಸಿಯಾ ಅವರಲ್ಲಿ ಶಿಕ್ಷಣ ಪಡೆದ ಇವರು ಕಛೇರಿಗಳಲ್ಲಿ ಹಾಡಿ ಜೀವನ ನಡೆಸುತ್ತಿದ್ದರು. 1878ರಲ್ಲಿ ಡಾಯ್ಲಿ ಕಾರ್ಟ್ ಇವರನ್ನು ವಾರಕ್ಕೆ 3 ಪೌಂಡ್ ವೇತನದ ಮೂರು ವರ್ಷಗಳ ಕರಾರಿನ ಮೇಲೆ ನೇಮಿಸಿಕೊಂಡರು. ಮೊದಲ ನಾಟಕವಾದ ಎಚ್.ಎಂ.ಎಸ್. ಪಿನಾಫೋರ್‌ನಲ್ಲಿ ಅಭಿನಯದ ಅನುಭವವಿಲ್ಲವೆಂಬ ಕಾರಣಕ್ಕೆ ಇವರ ಮಾತುಗಳನ್ನೆಲ್ಲ ಕೈಬಿಟ್ಟು ಹಾಡುಗಳನ್ನು ಮಾತ್ರ ಉಳಿಸಲಾಗಿತ್ತು.

ಆರಂಭದ ವರ್ಷಗಳಲ್ಲೇ ಕಣಕಾಲಿನ ಕುರುವಿನಿಂದ ನರಳಿದ ಇವರ ಪಾದದ ಕೀಲು ಶಾಶ್ವತವಾಗಿ ಬಿಗಿದುಹೋಯಿತು. ಆದರೂ ಇವರು ನರ್ತಿಸುವುದನ್ನು ಬಿಡಲಿಲ್ಲ. 1882ರಲ್ಲಿ ಅಯೋಲಾಂತೆ ನಾಟಕದ ಶೀರ್ಷಿಕೆ ಪಾತ್ರ ದೊರೆಯಿತು. 14-03-1885ರಂದು ಪ್ರಾರಂಭವಾಗಿ 672 ಪ್ರದರ್ಶನಗಳನ್ನು ಕಂಡ ಮಿಕಾಡೊ ನಾಟಕದಲ್ಲಿ ಇವರು ಪಿಟ್ಟಿ ಸಿಂಗ್ ಪಾತ್ರ ವಹಿಸಿದರು. ಮೂವರು ಕುಳ್ಳ ನಟಿಯರು ಒಂದೇ ಬಗೆಯ ಜಪಾನಿ ಉಡುಪಿನಲ್ಲಿ ಒಟ್ಟಿಗೆ ಬರುವ ದೃಶ್ಯವದು. ತಾವು ಉಳಿದಿಬ್ಬರಿಗಿಂತ ಎದ್ದು ಕಾಣಬೇಕೆಂದು ಇವರು ನಡುಪಟ್ಟಿಯ ಹಿಂಬದಿಯ ಗಂಟನ್ನು ದೊಡ್ಡದಾಗಿ ಕಟ್ಟಿಸಿಕೊಂಡರಂತೆ!

1888ರ ಯೋಮನ್ ಆಫ್ ದಿ ಗಾರ್ಡ್ ನಾಟಕದ ಫೀಬಿ ಪಾತ್ರವನ್ನು ಗಿಲ್ಬರ್ಟ್ ಇವರಿಗಾಗಿಯೇ ರಚಿಸಿದರು. ಈ ನಾಟಕಗಳು ವಾಡಿಕೆಯಂತೆ ಮೇಳಗಾನದಿಂದ ಆರಂಭವಾಗುತ್ತಿದ್ದವು. ಇಲ್ಲಿ ಮಾತ್ರ ಪರದೆ ಸರಿದಾಗ ಫೀಬಿ ಒಬ್ಬಳೇ ರಾಟೆಯ ಮುಂದೆ ಕುಳಿತು ಹಾಡುತ್ತಾಳೆ. ಮೊದಲ ರಾತ್ರಿ ಗಿಲ್ಬರ್ಟ್ ಆತಂಕದಿಂದ ಮತ್ತೆ ಮತ್ತೆ ರಂಗದ ಮೇಲೆ ಬಂದು ವಿಚಾರಿಸತೊಡಗಿದಾಗ, ಇವರೇ ಅವರನ್ನು ಹೊರಗೆ ಕಳುಹಿಸಬೇಕಾಯಿತು.

1889ರ ಗೊಂಡೋಲಿಯರ್ಸ್ ನಾಟಕದ ವೇಳೆಗೆ ಇವರ ವೇತನ ವಾರಕ್ಕೆ 20 ಪೌಂಡ್ ಆಗಿತ್ತು. 30 ಪೌಂಡ್ ನೀಡದ ಹೊರತು ಕರಾರಿಗೆ ಒಪ್ಪುವುದಿಲ್ಲವೆಂದು ಇವರು ಪಟ್ಟು ಹಿಡಿದರು. ಗಿಲ್ಬರ್ಟ್ ತೀವ್ರವಾಗಿ ವಿರೋಧಿಸಿದರು. ಕಾರ್ಟ್ ಅಂತಿಮವಾಗಿ ಮಂಜೂರು ಮಾಡಿದರು. ಅಂದರೆ ಹನ್ನೊಂದು ವರ್ಷಗಳಲ್ಲಿ ವೇತನ ಹತ್ತು ಪಟ್ಟಾಯಿತು. ನೂರಾರು ರಾತ್ರಿ ಪ್ರೇಕ್ಷಕರನ್ನು ಕರೆತಂದ ಕಲಾವಿದೆಯ ಬೇಡಿಕೆ ಲೆಕ್ಕಾಚಾರದ ದೃಷ್ಟಿಯಿಂದ ಅನುಚಿತವೆನಿಸುವುದಿಲ್ಲ. ಆದರೆ ತಾಲೀಮಿನ ಅವಧಿಯಲ್ಲಿ ಗಿಲ್ಬರ್ಟ್ ಇವರೊಡನೆ ಸರಿಯಾಗಿ ಮಾತನಾಡಲಿಲ್ಲ. ಆ ನಾಟಕದ ವಸ್ತುವೇ ಸರ್ವ ಸಮಾನತೆ ಎಂಬುದು ಗಮನಾರ್ಹ. 06-03-1891ರಂದು ವಿಂಡ್ಸರ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯವರ ಸಮ್ಮುಖದಲ್ಲಿ ಅದೇ ನಾಟಕ ಪ್ರದರ್ಶಿತವಾಯಿತು.

1891ರಲ್ಲಿ ಸವಾಯ್ ರಂಗಮಂದಿರವನ್ನು ತೊರೆದು, ಕೆಲವು ವರ್ಷ ಇತರ ರಂಗಮಂದಿರಗಳಲ್ಲಿ ಅಭಿನಯಿಸಿದರು. 1897ರಲ್ಲಿ ಸಿವಿಲ್ ಎಂಜಿನಿಯರ್ ಲೂಯಿಸ್ ರ್‍ಯಾನ್ಸಮ್ ಅವರನ್ನು ವಿವಾಹವಾಗಿ ರಂಗಭೂಮಿಯಿಂದ ನಿವೃತ್ತರಾದರು. 1930ರಲ್ಲಿ ಇವರ ಆತ್ಮವೃತ್ತಾಂತ ಪ್ರಕಟವಾಯಿತು. ದಿನಾಂಕ 17-06-1942ರಂದು, ತಮ್ಮ 89ನೆಯ ವಯಸ್ಸಿನಲ್ಲಿ, ವರ್ದಿಂಗ್ ಪಟ್ಟಣದಲ್ಲಿ ನಿಧನರಾದರು.