ಏಳು ಗಡಿಯಾರ ಬಿಚ್ಚಿದ ಗ್ರೇಸ್ ಹಾಪರ್

ಗ್ರೇಸ್ ಹಾಪರ್ ಹುಟ್ಟಿದ್ದು 1906ರಲ್ಲಿ, ನ್ಯೂಯಾರ್ಕಿನಲ್ಲಿ. ಅಲಾರಂ ಹೇಗೆ ಹೊಡೆಯುತ್ತೆ ಅಂತ ತಿಳಿಯೋಕೆ ಏಳನೇ ವಯಸ್ಸಿಗೇ ಮನೆಯ ಏಳು ಗಡಿಯಾರ ಬಿಚ್ಚಿ ಹಾಕಿದ್ದರು. ಎರಡನೇ ಮಹಾಯುದ್ಧದ ಕಾಲಕ್ಕೆ ಗಣಿತ ಪಾಠ ಮಾಡುತ್ತಿದ್ದವರು ನೌಕಾಪಡೆಗೆ ಹೊರಟರೆ, ವಯಸ್ಸು ಜಾಸ್ತಿ, ತೂಕ ಕಡಿಮೆ ಅಂತ ಅಡ್ಡಿ ಬಂತು. ಪಟ್ಟು ಬಿಡದೆ ಸೇರಿ, 1944ರಲ್ಲಿ ಹಾರ್ವರ್ಡಿನ ಮಾರ್ಕ್ 1 ಕಂಪ್ಯೂಟರ್ ಮುಂದೆ ಕುಳಿತರು.

ಪದೇಪದೇ ಬೇಕಾಗುವ ಕೋಡನ್ನು ಕೈಯಲ್ಲಿ ನಕಲು ಮಾಡುವಾಗ ತಪ್ಪುಗಳಾಗುತ್ತಿದ್ದವು. ಆ ಕೆಲಸವನ್ನು ಯಂತ್ರವೇ ಯಾಕೆ ಮಾಡಬಾರದು? ಈ ಪ್ರಶ್ನೆಯಿಂದ 1952ರಲ್ಲಿ ಎ-0 ಕಂಪೈಲರ್ ಹುಟ್ಟಿತು. ಮೊದಮೊದಲು ಜನ ನಂಬಲೇ ಇಲ್ಲ; ಅವರು ಬಿಡಲೂ ಇಲ್ಲ. 1986ರಲ್ಲಿ ನೌಕಾಪಡೆಯಿಂದ ನಿವೃತ್ತರಾದಾಗ ವಯಸ್ಸು 79. 1992ರಲ್ಲಿ ತೀರಿಕೊಂಡರು.

ಲ್ಯಾಬಿನಲ್ಲಿ ಪ್ರೋಗ್ರಾಂ ಕಂಪೈಲ್ ಆಗೋವಾಗ ಒಮ್ಮೆ ಆ ಏಳು ಗಡಿಯಾರ ನೆನಪಿಸಿಕೊಳ್ಳಿ. ನಾವು ಇತ್ತೀಚೆಗೆ ಏನನ್ನಾದರೂ ಬಿಚ್ಚಿ ನೋಡಿದ್ದೇವಾ?